ಕರ್ಮ ಸಿಕ್ಕರೂ ಅರ್ಥ ಮುಗಿಯದ ಇಂಗ್ಲಿಷ್ ಕ್ರಿಯಾಪದಗಳು

‘ಹಿ ಪುಟ್ ದ ಕೀಸ್’ ಎಂಬ ಇಂಗ್ಲಿಷ್ ವಾಕ್ಯದಲ್ಲಿ ಕರ್ತೃವಿದೆ, ಕ್ರಿಯಾಪದವಿದೆ, ಕರ್ಮವೂ ಇದೆ. ಶಾಲೆಯಲ್ಲಿ ಕಲಿತ ಲೆಕ್ಕದಂತೆ ಸಕರ್ಮಕ ಕ್ರಿಯಾಪದಕ್ಕೆ ಬೇಕಾದದ್ದೆಲ್ಲ ದೊರಕಿದೆ. ಆದರೂ ಇಂಗ್ಲಿಷನ್ನು ಮನೆಮಾತಾಗಿ ಆಡುವವರಿಗೆ ಈ ವಾಕ್ಯ ನಡುವೆಯೇ ಕಡಿದುಹೋದಂತೆ ಕೇಳಿಸುತ್ತದೆ. ‘ಆನ್ ದ ಟೇಬಲ್’ ಎಂದೋ ‘ಇನ್ ದ ಡ್ರಾಯರ್’ ಎಂದೋ ಕಡೆಗೆ ‘ದೇರ್’ ಎಂದಾದರೂ ಸೇರಿಸಿದಾಗ ಮಾತ್ರ ಅದು ಪೂರ್ತಿಯಾಗುತ್ತದೆ. ಹೀಗೆ ಸೇರಿಸಬೇಕಾದ ಭಾಗ ಕರ್ಮವಲ್ಲ; ಕ್ರಿಯೆ ಎಲ್ಲಿ, ಹೇಗೆ, ಎಷ್ಟು ಹೊತ್ತು ನಡೆಯಿತೆಂಬುದನ್ನು ಹೆಚ್ಚಿಗೆ ತಿಳಿಸುವ ಪದವೆಂದು ನಮ್ಮ ಪಾಠಗಳು ವಿವರಿಸುವ ಕ್ರಿಯಾವಿಶೇಷಣದ, ಅಂದರೆ ಅಡ್ವರ್ಬಿನ, ಗುಂಪಿಗೆ ಅದು ಸೇರುತ್ತದೆ. ಹೆಚ್ಚಿಗೆ ತಿಳಿಸುವ ಪದವೆಂದ ಮೇಲೆ ಅದನ್ನು ಬಿಟ್ಟರೂ ವಾಕ್ಯ ನಿಲ್ಲಬೇಕಲ್ಲವೇ? ಇಂಗ್ಲಿಷಿನ ಅನೇಕ ಕ್ರಿಯಾಪದಗಳ ವಿಷಯದಲ್ಲಿ ಅದು ನಿಲ್ಲುವುದಿಲ್ಲ. ಪಾಠದಲ್ಲಿ ಹೇಳುವ ವಿವರಣೆಗೂ ಭಾಷೆ ನಡೆಯುವ ರೀತಿಗೂ ಇರುವ ಈ ಅಂತರವನ್ನು ಬಿಡಿಸಿ ನೋಡುವುದು ಇಲ್ಲಿನ ಉದ್ದೇಶ.

ಮೊದಲು ಎರಡು ವಾಕ್ಯಗಳನ್ನು ಅಕ್ಕಪಕ್ಕದಲ್ಲಿ ಇಟ್ಟುಕೊಳ್ಳೋಣ: ‘ಶಿ ರೆಡ್ ದ ಬುಕ್ ಇನ್ ದ ಗಾರ್ಡನ್’ ಮತ್ತು ‘ಶಿ ಪುಟ್ ದ ಬುಕ್ ಆನ್ ದ ಟೇಬಲ್’. ಹೊರನೋಟಕ್ಕೆ ಎರಡರ ಕಟ್ಟಡವೂ ಒಂದೇ. ಮೊದಲನೆಯದರಿಂದ ‘ಇನ್ ದ ಗಾರ್ಡನ್’ ತೆಗೆದರೆ ಓದಿದ ಜಾಗದ ಸುದ್ದಿ ಹೋಯಿತೇ ಹೊರತು ಓದಿದ ಸುದ್ದಿ ಹಾಗೆಯೇ ಉಳಿಯಿತು. ಎರಡನೆಯದರಿಂದ ‘ಆನ್ ದ ಟೇಬಲ್’ ತೆಗೆದರೆ ವಾಕ್ಯವೇ ಮುರಿಯುತ್ತದೆ. ತೆಗೆದು ನೋಡುವ ಈ ಪರೀಕ್ಷೆಯ ಜೊತೆಗೆ ವ್ಯಾಕರಣಕಾರರು ಇನ್ನೊಂದನ್ನೂ ಬಳಸುತ್ತಾರೆ. ಇಂಗ್ಲಿಷಿನಲ್ಲಿ ಹಿಂದೆ ಹೇಳಿದ ಕ್ರಿಯೆಯನ್ನು ಮತ್ತೆ ಹೇಳುವ ಬದಲು ‘ಡಿಡ್ ಸೋ’ ಎನ್ನಬಹುದು. ‘ಶಿ ರೆಡ್ ದ ಬುಕ್ ಇನ್ ದ ಗಾರ್ಡನ್ ಆ್ಯಂಡ್ ಹಿ ಡಿಡ್ ಸೋ ಇನ್ ದ ಲೈಬ್ರರಿ’ ಎಂಬುದು ಸರಿ. ‘ಶಿ ಪುಟ್ ದ ಬುಕ್ ಆನ್ ದ ಟೇಬಲ್ ಆ್ಯಂಡ್ ಹಿ ಡಿಡ್ ಸೋ ಆನ್ ದ ಶೆಲ್ಫ್’ ಎಂಬುದು ತಪ್ಪು. ‘ಡಿಡ್ ಸೋ’ ಎಂಬುದು ಕ್ರಿಯಾಪದವನ್ನೂ ಅದಕ್ಕೆ ಬೇಕೇಬೇಕಾದ ಅಂಗಗಳನ್ನೂ ಒಟ್ಟಿಗೆ ತನ್ನೊಳಗೆ ಸೇರಿಸಿಕೊಳ್ಳುತ್ತದೆ. ತೋಟವು ಓದುವ ಕ್ರಿಯೆಯ ಹೊರಗಿನದಾದ್ದರಿಂದ ಅದನ್ನು ಬದಲಿಸಬಹುದು. ಮೇಜು ಇಡುವ ಕ್ರಿಯೆಯ ಒಳಗೇ ಸೇರಿಹೋಗಿರುವುದರಿಂದ ಅದನ್ನು ಬೇರ್ಪಡಿಸಿ ಬದಲಿಸಲು ಬರುವುದಿಲ್ಲ.

ಒಂದು ಪದ ಇನ್ನೊಂದನ್ನು ಬಯಸುತ್ತದೆ ಎಂಬ ವಿಚಾರ ನಮ್ಮ ಶಾಸ್ತ್ರಗಳಿಗೆ ಹೊಸತಲ್ಲ. ನ್ಯಾಯ ಮತ್ತು ಮೀಮಾಂಸೆಗಳು ವಾಕ್ಯಾರ್ಥದ ಚರ್ಚೆಯಲ್ಲಿ ಇದನ್ನು ‘ಆಕಾಂಕ್ಷೆ’ ಎಂದು ಕರೆದಿವೆ. ಅನ್ನಂಭಟ್ಟನ ತರ್ಕಸಂಗ್ರಹವು ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರನ್ನು ವಾಕ್ಯಾರ್ಥಜ್ಞಾನಕ್ಕೆ ಕಾರಣಗಳೆಂದು ಎಣಿಸಿ, ‘ಗೌರಶ್ವಃ ಪುರುಷೋ ಹಸ್ತೀ’, ಎಂದರೆ ಹಸು, ಕುದುರೆ, ಮನುಷ್ಯ, ಆನೆ ಎಂದು ಬರಿದೇ ಪದಗಳನ್ನು ಸಾಲುಗಟ್ಟಿಸಿದರೆ ಅವುಗಳ ನಡುವೆ ಆಕಾಂಕ್ಷೆಯಿಲ್ಲದ ಕಾರಣ ವಾಕ್ಯವಾಗದು ಎಂದು ಹೇಳುತ್ತದೆ. ಈ ದೃಷ್ಟಿಯಿಂದ ನೋಡಿದರೆ ಪುಟ್ ಎಂಬ ಕ್ರಿಯಾಪದಕ್ಕೆ ಮೂರು ಆಕಾಂಕ್ಷೆಗಳಿವೆ: ಯಾರು, ಏನನ್ನು, ಎಲ್ಲಿ. ಮೂರರಲ್ಲಿ ಯಾವುದು ಈಡೇರದಿದ್ದರೂ ಕೇಳುವವನ ಮನಸ್ಸು ಕಾಯುತ್ತಲೇ ಇರುತ್ತದೆ.

ಪಶ್ಚಿಮದಲ್ಲಿ ಇದೇ ವಿಚಾರವನ್ನು ಬೆಳೆಸಿದವರಲ್ಲಿ ಫ್ರಾನ್ಸಿನ ಲೂಸಿಯೆನ್ ತೆನಿಯೇರ್ ಮುಖ್ಯರು. ಅವರು ತೀರಿಕೊಂಡು ಐದು ವರ್ಷಗಳಾದ ಮೇಲೆ, 1959ರಲ್ಲಿ, ಪ್ರಕಟವಾದ ಅವರ ವಾಕ್ಯರಚನಾ ಗ್ರಂಥವು ಕ್ರಿಯಾಪದಕ್ಕೆ ರಸಾಯನಶಾಸ್ತ್ರದ ಪರಮಾಣುವಿನಂತೆ ‘ವೇಲೆನ್ಸಿ’ ಇದೆಯೆಂದು ಹೇಳಿತು. ಹೈಡ್ರೋಜನ್ ಒಂದನ್ನೂ ಆಮ್ಲಜನಕ ಎರಡನ್ನೂ ಹಿಡಿಯುವಂತೆ ಒಂದೊಂದು ಕ್ರಿಯಾಪದವೂ ಇಷ್ಟೇ ಪಾತ್ರಗಳನ್ನು ಹಿಡಿದುಕೊಳ್ಳುತ್ತದೆ ಎಂಬುದು ಅವರ ವಾದ. ಆದರೆ ಅವರು ಪಾತ್ರಗಳನ್ನು ಒಂದು ಕಡೆಗೂ ಸ್ಥಳ, ಕಾಲ, ರೀತಿ ಮುಂತಾದ ಸಂದರ್ಭಗಳನ್ನು ಇನ್ನೊಂದು ಕಡೆಗೂ ಇರಿಸಿ, ಸಂದರ್ಭಗಳು ಐಚ್ಛಿಕವೆಂದುಬಿಟ್ಟರು. ಪುಟ್ ಎಂಬುದು ಈ ವಿಂಗಡಣೆಗೆ ಒಗ್ಗದೆ ಉಳಿಯಿತು. ಅದು ಬೇಡುವುದು ಸಂದರ್ಭವನ್ನು, ಆದರೆ ಬೇಡುವ ರೀತಿ ಪಾತ್ರವನ್ನು ಬೇಡುವಂತೆ. ರ‍್ಯಾಂಡಾಲ್ಫ್ ಕ್ವರ್ಕ್, ಸಿಡ್ನಿ ಗ್ರೀನ್‌ಬಾಮ್, ಜೆಫ್ರಿ ಲೀಚ್, ಯಾನ್ ಸ್ವಾರ್ಟ್ವಿಕ್ ಅವರು 1985ರಲ್ಲಿ ಹೊರತಂದ ಬೃಹತ್ ಇಂಗ್ಲಿಷ್ ವ್ಯಾಕರಣವು ಈ ತೊಡಕನ್ನು ನೇರವಾಗಿಯೇ ಎದುರಿಸಿತು. ಇಂಗ್ಲಿಷಿನ ಸರಳ ವಾಕ್ಯಗಳನ್ನು ಏಳು ಮಾದರಿಗಳಿಗೆ ಇಳಿಸಿದ ಆ ಗ್ರಂಥ, ಅವುಗಳಲ್ಲಿ ಎರಡನ್ನು ಅಡ್ವರ್ಬ್ ಭಾಗ ಕಡ್ಡಾಯವಾಗಿರುವ ವಾಕ್ಯಗಳಿಗಾಗಿಯೇ ಮೀಸಲಿಟ್ಟಿತು: ಕರ್ತೃ, ಕ್ರಿಯಾಪದ, ಅಡ್ವರ್ಬ್ ಭಾಗ ಇರುವುದು ಒಂದು, ಇವುಗಳ ನಡುವೆ ಕರ್ಮವೂ ಇರುವುದು ಇನ್ನೊಂದು. 2002ರಲ್ಲಿ ರಾಡ್ನಿ ಹಡಲ್‌ಸ್ಟನ್ ಮತ್ತು ಜೆಫ್ರಿ ಪುಲಂ ಅವರ ನೇತೃತ್ವದಲ್ಲಿ ಬಂದ ಕೇಂಬ್ರಿಜ್ ವ್ಯಾಕರಣ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಇಂತಹ ಭಾಗವನ್ನು ಪೂರಕವೆಂದೇ, ಅಂದರೆ ಕ್ರಿಯಾಪದದ ಅರ್ಥವನ್ನು ಪೂರ್ತಿಗೊಳಿಸುವ ಅಂಗವೆಂದೇ, ಎಣಿಸಿತು. ನನ್ನ ಮಟ್ಟಿಗೆ ಈ ಎರಡನೆಯ ದಾರಿಯೇ ಹೆಚ್ಚು ಸ್ಪಷ್ಟ. ಒಂದು ಪದಪುಂಜ ಯಾವ ಜಾತಿಯದು ಎಂಬ ಪ್ರಶ್ನೆಯನ್ನೂ ಅದು ವಾಕ್ಯದಲ್ಲಿ ಯಾವ ಕೆಲಸ ಮಾಡುತ್ತಿದೆ ಎಂಬ ಪ್ರಶ್ನೆಯನ್ನೂ ಬೇರೆ ಬೇರೆಯಾಗಿ ಕೇಳಿಕೊಂಡರೆ ಗೊಂದಲದ ಅರ್ಧಭಾಗ ತಾನಾಗಿ ಕರಗುತ್ತದೆ.

ಸ್ಥಳವನ್ನು ಬೇಡುವ ಕ್ರಿಯಾಪದಗಳ ಸಂಖ್ಯೆಯೇ ದೊಡ್ಡದು. ಪುಟ್ ಜೊತೆಗೆ ಪ್ಲೇಸ್, ಸೆಟ್, ಲೇ ಇವೆಲ್ಲವೂ ಕರ್ಮವನ್ನೂ ಸ್ಥಳವನ್ನೂ ಒಟ್ಟಿಗೆ ಕೇಳುತ್ತವೆ. ಕರ್ಮವಿಲ್ಲದೆ ಸ್ಥಳವನ್ನಷ್ಟೇ ಕೇಳುವವು ಲಿವ್, ರಿಸೈಡ್, ಡ್ವೆಲ್, ಲೈ, ಸ್ಟ್ಯಾಂಡ್ ಮುಂತಾದವು. ‘ಹಂಪಿ ಲೈಸ್ ಆನ್ ದ ಸೌತ್ ಬ್ಯಾಂಕ್ ಆಫ್ ದ ತುಂಗಭದ್ರಾ’ ಎಂದರೆ ಹಂಪಿ ತುಂಗಭದ್ರೆಯ ದಕ್ಷಿಣ ದಡದಲ್ಲಿದೆ ಎಂದರ್ಥ. ಸ್ಥಳ ಸೂಚಿಸುವ ಭಾಗವನ್ನು ಕಿತ್ತು ‘ಹಂಪಿ ಲೈಸ್’ ಎಂದಷ್ಟೇ ಬರೆದರೆ ಹಂಪಿಯ ಮೇಲೆ ಸುಳ್ಳು ಹೇಳುವ ಆರೋಪ ಹೊರಿಸಿದಂತಾಗುತ್ತದೆ! ಪಶ್ಚಿಮಘಟ್ಟಗಳು ಕರಾವಳಿಗೆ ಸಮಾನಾಂತರವಾಗಿ ಹಬ್ಬಿವೆ ಎನ್ನಲು ಇಂಗ್ಲಿಷಿನಲ್ಲಿ ‘ರನ್’ ಎಂಬ ಕ್ರಿಯಾಪದವನ್ನೇ ಬಳಸುತ್ತಾರೆ. ‘ಪ್ಯಾರಲೆಲ್ ಟು ದ ಕೋಸ್ಟ್’ ಎಂಬುದನ್ನು ಬಿಟ್ಟರೆ ಬೆಟ್ಟಗಳು ಓಡಲು ತೊಡಗುತ್ತವೆ. ನಮ್ಮಲ್ಲೂ ‘ಈ ರಸ್ತೆ ಮೈಸೂರಿಗೆ ಹೋಗುತ್ತದೆ’ ಎಂಬುದು ಸಹಜ, ‘ಈ ರಸ್ತೆ ಹೋಗುತ್ತದೆ’ ಎಂಬುದು ವಿಚಿತ್ರ. ಚಲನೆಯ ಪದವನ್ನು ಚಲಿಸದ ವಸ್ತುವಿಗೆ ಹೊಂದಿಸುವಾಗ ದಿಕ್ಕನ್ನು ಹೇಳಲೇಬೇಕಾಗುತ್ತದೆ. ಕಾಲದ ವಿಷಯದಲ್ಲಿ ಡೇಟ್ ಎಂಬ ಕ್ರಿಯಾಪದವೂ ಹೀಗೆಯೇ. ‘ದ ಬೇಲೂರು ಟೆಂಪಲ್ ಡೇಟ್ಸ್ ಫ್ರಮ್ 1117’ ಎಂಬಲ್ಲಿ ಇಸವಿಯ ಭಾಗವನ್ನು ಅಳಿಸಿದರೆ ಉಳಿಯುವುದಕ್ಕೆ ಅರ್ಥವೇ ಇಲ್ಲ.

ಚಲನೆಯ ಕ್ರಿಯಾಪದಗಳಲ್ಲಿ ಇನ್ನೂ ಕುತೂಹಲಕರವಾದ ಸಂಗತಿಯೊಂದಿದೆ. ಡಾರ್ಟ್, ಸ್ಲಿಂಕ್, ಕ್ರೀಪ್, ಟಿಪ್‌ಟೋ, ಟ್ರಡ್ಜ್ ಮುಂತಾದ ನೂರಾರು ಪದಗಳಲ್ಲಿ ಇಂಗ್ಲಿಷ್ ಚಲನೆಯ ರೀತಿಯನ್ನು ಕ್ರಿಯಾಪದದೊಳಗೇ ತುಂಬಿಟ್ಟು, ಎಲ್ಲಿಂದ ಎಲ್ಲಿಗೆ ಎಂಬುದನ್ನು ಹೊರಗಿನ ಪದಗಳಿಗೆ ಬಿಡುತ್ತದೆ. ಕನ್ನಡ ಹೆಚ್ಚಾಗಿ ಇದಕ್ಕೆ ತಿರುವುಮುರುವು: ಹತ್ತು, ಇಳಿ, ನುಗ್ಗು, ದಾಟು, ಬರು, ಹೋಗು ಎಂಬ ಕ್ರಿಯಾಪದಗಳೇ ದಾರಿಯನ್ನು ಹೇಳುತ್ತವೆ, ರೀತಿಯನ್ನು ‘ಓಡಿ ಬಂದ’, ‘ತೆವಳಿಕೊಂಡು ಹೋಯಿತು’ ಎಂಬಂತೆ ಮುಂಚಿನ ಕೃದಂತವೋ ‘ಸರ್ರನೆ’ ಎಂಬಂತಹ ಅನುಕರಣ ಪದವೋ ಹೊತ್ತುಕೊಳ್ಳುತ್ತದೆ. ಭಾಷೆಗಳ ನಡುವಿನ ಈ ಭೇದವನ್ನು ಲಿಯೊನಾರ್ಡ್ ಟಾಲ್ಮಿ ಎಂಬ ಭಾಷಾವಿಜ್ಞಾನಿ 1985ರ ಪ್ರಬಂಧವೊಂದರಲ್ಲಿ ವಿವರವಾಗಿ ಚರ್ಚಿಸಿದ್ದಾರೆ. ‘ದ ಕ್ಯಾಟ್ ಡಾರ್ಟೆಡ್ ಅಂಡರ್ ದ ಬೆಡ್’ ಎಂಬುದು ಕನ್ನಡದಲ್ಲಿ ‘ಬೆಕ್ಕು ಸರ್ರನೆ ಮಂಚದಡಿಗೆ ನುಗ್ಗಿತು’ ಎಂದಾಗುತ್ತದೆ. ಇಂಗ್ಲಿಷ್ ವಾಕ್ಯದಲ್ಲಿ ‘ಅಂಡರ್ ದ ಬೆಡ್’ ಇಲ್ಲದಿದ್ದರೆ ನುಗ್ಗುವ ಸಂಗತಿಯೇ ಇಲ್ಲ. ‘ಸರ್ರನೆ’ ಎಂಬುದಷ್ಟೇ ಕ್ರಿಯಾಪದವಾಗಿ ಉಳಿಯುತ್ತದೆ. ಡಾರ್ಟ್ ಮತ್ತು ಸ್ಲಿಂಕ್‌ನಂತಹ ಪದಗಳು ದಿಕ್ಕಿನ ಪದಪುಂಜವನ್ನು ಏಕೆ ಅಷ್ಟು ಬಲವಾಗಿ ಬಯಸುತ್ತವೆ ಎಂಬುದಕ್ಕೆ ಇದೇ ಕಾರಣ. ‘ಹೆಡ್’ ಎಂಬುದನ್ನು ಒಂದು ಕಡೆಗೆ ಹೊರಡು ಎಂಬರ್ಥದಲ್ಲಿ ಬಳಸಿದಾಗಲಂತೂ ಅದು ದಿಕ್ಕಿಲ್ಲದೆ ಬರುವುದೇ ಇಲ್ಲ: ‘ಹೆಡೆಡ್ ಹೋಮ್’, ‘ಹೆಡೆಡ್ ಫಾರ್ ದ ಸ್ಟೇಷನ್’.

ರೀತಿಯನ್ನು ಬೇಡುವ ಕ್ರಿಯಾಪದಗಳು ಕಡಿಮೆ. ಆದರೆ ಅಡ್ವರ್ಬ್ ಐಚ್ಛಿಕವೆಂಬ ನಂಬಿಕೆಗೆ ಬಲವಾದ ಪೆಟ್ಟು ಕೊಡುವವು ಇವೇ. ಟ್ರೀಟ್ ಎಂಬ ಪದವನ್ನು ನೋಡಿ. ‘ದ ಡಾಕ್ಟರ್ ಟ್ರೀಟೆಡ್ ಹಿಮ್’ ಎಂದರೆ ವೈದ್ಯರು ಚಿಕಿತ್ಸೆ ಕೊಟ್ಟರು, ವಾಕ್ಯ ಪೂರ್ಣ. ‘ದೇ ಟ್ರೀಟೆಡ್ ಹಿಮ್ ಬ್ಯಾಡ್ಲಿ’ ಎಂದರೆ ಅವನೊಡನೆ ಕೆಟ್ಟದಾಗಿ ನಡೆದುಕೊಂಡರು. ‘ಬ್ಯಾಡ್ಲಿ’ ತೆಗೆದರೆ ಆ ಅರ್ಥವೇ ಮಾಯವಾಗಿ ಚಿಕಿತ್ಸೆಯ ಅರ್ಥ ಬಂದು ಕೂರುತ್ತದೆ. ಈ ಎರಡನ್ನೂ ಬೆರೆಸಿ ‘ದ ಡಾಕ್ಟರ್ ಟ್ರೀಟೆಡ್ ಹಿಮ್ ಬ್ಯಾಡ್ಲಿ’ ಎಂದರೆ ವಾಕ್ಯಕ್ಕೆ ಎರಡು ಅರ್ಥಗಳು. ಚಿಕಿತ್ಸೆ ಸರಿಯಿರಲಿಲ್ಲ ಎಂಬ ಅರ್ಥದಲ್ಲಿ ಅಡ್ವರ್ಬ್ ಐಚ್ಛಿಕ. ವೈದ್ಯರ ನಡವಳಿಕೆ ಸರಿಯಿರಲಿಲ್ಲ ಎಂಬ ಅರ್ಥದಲ್ಲಿ ಅದೇ ಅಡ್ವರ್ಬ್ ಕಡ್ಡಾಯ. ಪದ ಅದೇ, ಸ್ಥಾನ ಅದೇ, ಅದು ಮಾಡುವ ಕೆಲಸ ಮಾತ್ರ ಬೇರೆ. ‘ಥಿಂಕ್ ಹೈಲಿ ಆಫ್’ ಎಂಬಲ್ಲಿಯೂ ಹಾಗೆಯೇ: ‘ಶಿ ಥಿಂಕ್ಸ್ ಹೈಲಿ ಆಫ್ ಹಿಮ್’ ಎಂದರೆ ಅವನ ಬಗ್ಗೆ ಅವಳಿಗೆ ಗೌರವ, ‘ಹೈಲಿ’ ಇಲ್ಲದಿದ್ದರೆ ಅವನ ನೆನಪು ಅವಳಿಗೆ ಬರುತ್ತಿರುತ್ತದೆ ಅಷ್ಟೆ. ಪತ್ರವನ್ನು ಇಂತಹ ಮಾತುಗಳಲ್ಲಿ ಬರೆದರು ಎನ್ನುವ ‘ವರ್ಡ್’, ಒಳ್ಳೆಯ ಅಥವಾ ಕೆಟ್ಟ ಸೂಚನೆ ಎನ್ನುವ ‘ಬೋಡ್’ ಇವೂ ರೀತಿಯನ್ನು ಬಿಟ್ಟಿರಲಾರವು.

ಬಿಹೇವ್ ಎಂಬ ಪದದ ನಡತೆ ಸ್ವಲ್ಪ ಬೇರೆ. ಸಾಮಾನ್ಯವಾಗಿ ಅದಕ್ಕೆ ‘ವೆಲ್’, ‘ಬ್ಯಾಡ್ಲಿ’, ‘ಲೈಕ್ ಎ ಚೈಲ್ಡ್’ ಎಂಬಂತಹ ಒಂದು ಪೂರಕ ಬೇಕು. ಆದರೆ ತುಂಟ ಮಕ್ಕಳಿಗೆ ದೊಡ್ಡವರು ‘ಬಿಹೇವ್!’ ಎಂದು ಗದರಿಸುವುದುಂಟು. ಅಲ್ಲಿ ‘ಚೆನ್ನಾಗಿ’ ಎಂಬ ರೀತಿ ಹೇಳದೆಯೇ ಒಳಸೇರಿಕೊಂಡಿರುತ್ತದೆ. ಆಕಾಂಕ್ಷೆ ಅಳಿದಿಲ್ಲ, ರೂಢಿ ಅದನ್ನು ಒಂದು ನಿರ್ದಿಷ್ಟ ಉತ್ತರದಿಂದ ತುಂಬಿಬಿಟ್ಟಿದೆ. ಕನ್ನಡದ ‘ವರ್ತಿಸು’, ‘ನಡೆದುಕೊಳ್ಳು’ ಎಂಬವಕ್ಕೂ ರೀತಿ ಬೇಕೇಬೇಕು ಎಂಬುದನ್ನು ಇಲ್ಲಿಯೇ ಗಮನಿಸಬಹುದು. ‘ಅವರು ವರ್ತಿಸಿದರು’ ಎಂದು ನಿಲ್ಲಿಸಿದರೆ ‘ಹೇಗೆ?’ ಎಂಬ ಪ್ರಶ್ನೆ ಕನ್ನಡಿಗರ ಬಾಯಿಂದಲೂ ತಕ್ಷಣ ಹೊರಡುತ್ತದೆ.

ಹಾಗಾದರೆ ಇಂತಹ ಬೇಡಿಕೆ ಇಂಗ್ಲಿಷಿನ ಸ್ವತ್ತೇನೂ ಅಲ್ಲ. ಕನ್ನಡದ ‘ಇಡು’ ಕೂಡ ಅರ್ಥದಲ್ಲಿ ಸ್ಥಳವನ್ನು ಬೇಡುತ್ತದೆ. ಎಲ್ಲಿಯೂ ಅಲ್ಲದ ಕಡೆ ಯಾರೂ ಏನನ್ನೂ ಇಡಲಾರರು. ವ್ಯತ್ಯಾಸವಿರುವುದು ಬೇಡಿಕೆಯಲ್ಲಲ್ಲ, ಅದನ್ನು ಬಾಯಿಬಿಟ್ಟು ಪೂರೈಸಬೇಕೆಂಬ ಕಟ್ಟುಪಾಡಿನಲ್ಲಿ. ‘ಮೇಜಿನ ಮೇಲೆ ಪುಸ್ತಕ ಇಟ್ಟೆಯಾ?’ ಎಂದು ಕೇಳಿದರೆ ನಾವು ‘ಇಟ್ಟೆ’ ಎಂದು ಒಂದೇ ಪದದಲ್ಲಿ ಉತ್ತರಿಸುತ್ತೇವೆ. ಕರ್ತೃ ಕ್ರಿಯಾಪದದ ಪ್ರತ್ಯಯದಲ್ಲೇ ಇದೆ. ಕರ್ಮವೂ ಸ್ಥಳವೂ ಇಬ್ಬರಿಗೂ ಗೊತ್ತಿರುವುದರಿಂದ ಮತ್ತೆ ಹೇಳಬೇಕಾಗಿಲ್ಲ. ‘ಕೊಟ್ಟೆ’, ‘ಹೇಳಿದೆ’, ‘ತಂದೆ’ ಎಲ್ಲವೂ ಹೀಗೆಯೇ ಪೂರ್ಣ ವಾಕ್ಯಗಳು. ಇಂಗ್ಲಿಷಿನಲ್ಲಿ ಈ ಸ್ವಾತಂತ್ರ್ಯವಿಲ್ಲ. ಗೊತ್ತಿರುವ ಸಂಗತಿಯನ್ನು ಬಿಟ್ಟುಬಿಡುವ ಬದಲು ಅದರ ಜಾಗದಲ್ಲಿ ಒಂದು ಚಿಕ್ಕ ಪದವನ್ನಾದರೂ ಕೂರಿಸಬೇಕು: ‘ಐ ಪುಟ್ ಇಟ್ ದೇರ್’. ಕರ್ಮದ ಜಾಗಕ್ಕೆ ‘ಇಟ್’ ಹೇಗೋ ಸ್ಥಳದ ಜಾಗಕ್ಕೆ ‘ದೇರ್’ ಹಾಗೆ, ರೀತಿಯ ಜಾಗಕ್ಕೆ ‘ದಟ್ ವೇ’ ಅಥವಾ ‘ಲೈಕ್ ದಟ್’ ಹಾಗೆ. ‘ಡೋಂಟ್ ಟ್ರೀಟ್ ಹಿಮ್ ಲೈಕ್ ದಟ್’ ಎಂಬ ವಾಕ್ಯದಲ್ಲಿ ಕೊನೆಯ ಎರಡು ಪದಗಳು ಹೊಸ ಸುದ್ದಿಯೇನನ್ನೂ ಕೊಡುವುದಿಲ್ಲ. ಕ್ರಿಯಾಪದದ ಖಾಲಿ ಜಾಗವೊಂದನ್ನು ತುಂಬುವುದಕ್ಕಾಗಿಯೇ ಅವು ಅಲ್ಲಿವೆ. ನನಗೆ ತೋರುವಂತೆ, ಕನ್ನಡದಿಂದ ಇಂಗ್ಲಿಷಿಗೆ ಹೋಗುವವರು ಹಿಡಿದುಕೊಳ್ಳಬೇಕಾದ ಎಳೆ ಇದೇ.

ಇದಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನ ‘ಇರು’ ಮತ್ತು ‘ಬಿ’ ಎಂಬ ಕ್ರಿಯಾಪದಗಳ ನಡುವೆ ಸಿಗುತ್ತದೆ. ಮನೆಬಾಗಿಲಲ್ಲಿ ನಿಂತು ‘ಅಪ್ಪ ಇದ್ದಾರಾ?’ ಎಂದು ಕೇಳುತ್ತೇವೆ, ಒಳಗಿನಿಂದ ‘ಇದ್ದಾರೆ’ ಎಂಬ ಉತ್ತರ ಬರುತ್ತದೆ. ಇಂಗ್ಲಿಷಿನಲ್ಲಿ ‘ಇಸ್ ಯುವರ್ ಫಾದರ್?’ ಎಂಬುದು ಪ್ರಶ್ನೆಯೇ ಅಲ್ಲ. ‘ಇನ್’ ಅಥವಾ ‘ಅಟ್ ಹೋಮ್’ ಅಥವಾ ‘ದೇರ್’ ಎಂಬ ಪೂರಕ ಕಡ್ಡಾಯ. ಫೋನಿನಲ್ಲಿ ಕೇಳುವವನಿಗೆ ಮನೆಯ ವಿಷಯವೇ ಮಾತನಾಡುತ್ತಿದ್ದೇವೆಂದು ತಿಳಿದಿದ್ದರೂ ‘ಇನ್’ ಎನ್ನಲೇಬೇಕು.

ಭಾರತೀಯರ ಇಂಗ್ಲಿಷಿನಲ್ಲಿ ಆಗಾಗ ಕೇಳಿಬರುವ ‘ಐ ವಿಲ್ ಕಾಲ್ ಯೂ ಒನ್ಸ್ ಐ ರೀಚ್’ ಎಂಬ ಪ್ರಯೋಗದ ಹಿಂದೆಯೂ ಇದೇ ಸ್ವಭಾವ ಕೆಲಸ ಮಾಡಿದೆ. ‘ತಲುಪಿದ ಮೇಲೆ ಫೋನ್ ಮಾಡುತ್ತೇನೆ’ ಎಂಬುದು ನಮಗೆ ಪೂರ್ಣ ವಾಕ್ಯ. ಇಂಗ್ಲೆಂಡಿನ ಅಥವಾ ಅಮೆರಿಕದ ಕಿವಿಗೆ ‘ರೀಚ್’ ಎಂಬುದು ಅಲ್ಲಿ ಕೊರೆಯಾಗಿ ಕೇಳಿಸುತ್ತದೆ, ಏಕೆಂದರೆ ಅದಕ್ಕೆ ತಲುಪುವ ತಾಣವನ್ನು ಹೆಸರಿಸಲೇಬೇಕು. ಅರ್ಥದಲ್ಲಿ ಅದರ ತಮ್ಮನಂತಿರುವ ‘ಅರೈವ್’ ಎಂಬ ಕ್ರಿಯಾಪದಕ್ಕೆ ಮಾತ್ರ ಈ ನಿರ್ಬಂಧವಿಲ್ಲ. ‘ಒನ್ಸ್ ಐ ಅರೈವ್’ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಎರಡೂ ಒಂದೇ ಘಟನೆಯನ್ನು ಹೇಳುತ್ತವೆ, ಎರಡರ ಅರ್ಥದಲ್ಲೂ ತಾಣವಿದೆ. ಒಂದು ಅದನ್ನು ಮಾತಿನಲ್ಲಿ ಕೇಳುತ್ತದೆ, ಇನ್ನೊಂದು ಕೇಳುವುದಿಲ್ಲ. ಆದ್ದರಿಂದ ಯಾವ ಕ್ರಿಯಾಪದಕ್ಕೆ ಪೂರಕ ಬೇಕೆಂಬುದನ್ನು ಅರ್ಥದಿಂದಲೇ ಊಹಿಸಿಬಿಡಬಹುದು ಎಂಬ ಭರವಸೆ ಬಹಳ ದೂರ ನಡೆಸಿಕೊಂಡು ಹೋಗುವುದಿಲ್ಲ. ಅರ್ಥ ಸುಳಿವು ಕೊಡುತ್ತದೆ, ತೀರ್ಮಾನ ಮಾಡುವುದು ಆಯಾ ಪದದ ರೂಢಿ.

ಸ್ಥಳವೆಂಬುದು ಯಾವಾಗಲೂ ಪ್ರಿಪೊಸಿಷನ್ ಸಹಿತವಾಗಿಯೇ ಬರಬೇಕೆಂದೂ ಇಲ್ಲ. ಲಿವ್ ಎಂಬುದಕ್ಕೆ ‘ಇನ್’ ಬೇಕು, ಅದೇ ಅರ್ಥದ ‘ಇನ್‌ಹ್ಯಾಬಿಟ್’ ಎಂಬುದು ಸ್ಥಳವನ್ನು ನೇರವಾಗಿ ಕರ್ಮವನ್ನಾಗಿ ಮಾಡಿಕೊಳ್ಳುತ್ತದೆ. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ‘ಅಧಿಶೀಙ್‌ಸ್ಥಾಸಾಂ ಕರ್ಮ’ ಎಂಬ ಸೂತ್ರವನ್ನು ಓದಿದವರಿಗೆ ಇದು ಪರಿಚಿತವೆನಿಸೀತು. ಮಲಗು, ನಿಲ್ಲು, ಕೂರು ಎಂಬರ್ಥದ ಸಂಸ್ಕೃತ ಧಾತುಗಳಿಗೆ ‘ಅಧಿ’ ಎಂಬ ಉಪಸರ್ಗ ಸೇರಿದಾಗ ಅಧಿಕರಣವಾಗಬೇಕಿದ್ದ ಸ್ಥಳ ಕರ್ಮವಾಗಿ ದ್ವಿತೀಯಾ ವಿಭಕ್ತಿಯನ್ನು ಪಡೆಯುತ್ತದೆ. ಹರಿಯು ವೈಕುಂಠದಲ್ಲಿ ನೆಲೆಸಿದ್ದಾನೆ ಎಂಬುದಕ್ಕೆ ‘ವೈಕುಂಠಂ ಅಧಿತಿಷ್ಠತಿ’ ಎನ್ನುವುದು ಅದರ ಪ್ರಸಿದ್ಧ ಉದಾಹರಣೆ. ಎರಡು ಭಾಷೆಗಳೂ ಒಂದೇ ಸಂಗತಿಯನ್ನು ತೋರಿಸುತ್ತಿವೆ: ಸ್ಥಳ ಕರ್ಮವೋ ಅಲ್ಲವೋ ಎಂಬುದು ಲೋಕದಲ್ಲಿ ನಿರ್ಧಾರವಾಗುವ ವಿಷಯವಲ್ಲ, ಕ್ರಿಯಾಪದ ಅದನ್ನು ಹೇಗೆ ಹಿಡಿಯುತ್ತದೆ ಎಂಬುದರ ಮೇಲೆ ನಿಂತಿದೆ.

ಪೂರಕದ ರೂಪವನ್ನು ಕುರಿತೂ ಒಂದು ಮಾತು ಹೇಳಬೇಕು. ಪ್ರಿಪೊಸಿಷನ್ನಿನಿಂದ ಆರಂಭವಾಗುವ ಪದಪುಂಜವೇ ಹೆಚ್ಚು. ‘ಪುಟ್ ಇಟ್ ಅವೇ’ ಎಂಬಲ್ಲಿನಂತೆ ಒಂದೇ ಪದವೂ ಆಗಬಹುದು, ‘ಪುಟ್ ಇಟ್ ವೇರ್ ಯೂ ಫೌಂಡ್ ಇಟ್’ ಎಂಬಲ್ಲಿನಂತೆ ಇಡೀ ಉಪವಾಕ್ಯವೂ ಆಗಬಹುದು. ‘ದ ಪವರ್ ಕಟ್ ಲಾಸ್ಟೆಡ್ ಟೂ ಅವರ್ಸ್’ ಎಂಬಲ್ಲಿ ಪೂರಕ ನೋಡಲು ಬರಿಯ ನಾಮಪದದ ಗುಂಪು. ಕರ್ಮದಂತೆ ಕಾಣುವ ಈ ‘ಟೂ ಅವರ್ಸ್’ ಕರ್ಮವಲ್ಲ. ಕರ್ಮವಾಗಿದ್ದರೆ ಅದನ್ನು ಕರ್ತೃಸ್ಥಾನಕ್ಕೆ ತಂದು ಕರ್ಮಣಿ ವಾಕ್ಯ ಮಾಡಲು ಬರುತ್ತಿತ್ತು, ಇಲ್ಲಿ ಅದು ಸಾಧ್ಯವಿಲ್ಲ. ‘ದ ಸ್ಯಾಕ್ ವೇಸ್ ಫಿಫ್ಟಿ ಕಿಲೋಸ್’, ‘ದ ಟಿಕೆಟ್ ಕಾಸ್ಟ್ಸ್ ಎ ಹಂಡ್ರೆಡ್ ರುಪೀಸ್’ ಎಂಬಂತಹ ಅಳತೆಯ ವಾಕ್ಯಗಳು ಈ ಗಡಿಯಲ್ಲೇ ಇವೆ. ಅವುಗಳ ಕೊನೆಯ ಭಾಗಕ್ಕೆ ಯಾವ ಹೆಸರು ಕೊಡಬೇಕೆಂಬುದರಲ್ಲಿ ವ್ಯಾಕರಣಕಾರರಿಗೆ ಒಮ್ಮತವಿಲ್ಲ. ಅದನ್ನು ಬಿಟ್ಟರೆ ವಾಕ್ಯ ನಿಲ್ಲದು ಎಂಬುದರಲ್ಲಿ ಮಾತ್ರ ಯಾರಿಗೂ ಸಂದೇಹವಿಲ್ಲ.

ಒಂದೇ ಕ್ರಿಯಾಪದ ಒಂದರ್ಥದಲ್ಲಿ ಪೂರಕವನ್ನು ಬೇಡಿ ಇನ್ನೊಂದರ್ಥದಲ್ಲಿ ಬೇಡದಿರುವುದು ಟ್ರೀಟ್ ಪದಕ್ಕಷ್ಟೇ ಸೀಮಿತವಲ್ಲ. ಅಪಘಾತದ ಸುದ್ದಿಯಲ್ಲಿ ‘ಹಿ ಲಿವ್ಡ್’ ಎಂದರೆ ಬದುಕಿಕೊಂಡ ಎಂದರ್ಥ, ಅಲ್ಲಿ ಊರಿನ ಹೆಸರು ಬೇಕಿಲ್ಲ. ‘ಗುಡ್ ಶೂಸ್ ಲಾಸ್ಟ್’ ಎಂದರೆ ಒಳ್ಳೆಯ ಬೂಟು ಬಾಳಿಕೆ ಬರುತ್ತದೆ ಎಂದು, ಅಲ್ಲಿ ಅವಧಿ ಬೇಕಿಲ್ಲ. ಅಷ್ಟೇಕೆ, ಪುಟ್ ಎಂಬುದೇ ಗುಂಡು ಎಸೆತದ ಮೈದಾನದಲ್ಲಿ ಸ್ಥಳದ ಹಂಗನ್ನು ಕಳಚಿಕೊಳ್ಳುತ್ತದೆ: ‘ಪುಟ್ ದ ಶಾಟ್’ ಎಂದರೆ ಗುಂಡನ್ನು ಎಸೆಯುವುದು, ಅಲ್ಲಿಗೆ ಮುಗಿಯಿತು. ಆದ್ದರಿಂದ ‘ಪೂರಕ ಬೇಕಾದ ಕ್ರಿಯಾಪದ’ ಎಂದು ಹೇಳುವುದಕ್ಕಿಂತ ‘ಪೂರಕ ಬೇಕಾದ ಅರ್ಥ’ ಎಂದು ಹೇಳುವುದು ಹೆಚ್ಚು ನಿಖರ.

ಇನ್ನು ಕೆಲವೆಡೆ ಬೇಡಿಕೆ ಕ್ರಿಯಾಪದದಿಂದಲ್ಲ, ವಾಕ್ಯದ ಕಟ್ಟಡದಿಂದಲೇ ಹುಟ್ಟುತ್ತದೆ. ‘ದಿಸ್ ಕ್ಲಾತ್ ವಾಶಸ್ ಈಸಿಲಿ’ ಎಂಬಲ್ಲಿ ಒಗೆಯಲ್ಪಡುವ ಬಟ್ಟೆಯೇ ಕರ್ತೃವಿನ ಜಾಗದಲ್ಲಿ ಕುಳಿತಿದೆ. ಇಂತಹ ವಾಕ್ಯದಲ್ಲಿ ‘ಈಸಿಲಿ’ ಅಥವಾ ‘ವೆಲ್’ ಎಂಬಂತಹ ಪದವಿಲ್ಲದಿದ್ದರೆ ಹೇಳುವುದಕ್ಕೇನೂ ಉಳಿಯುವುದಿಲ್ಲ, ಏಕೆಂದರೆ ಬಟ್ಟೆಯನ್ನು ಒಗೆಯಬಹುದು ಎಂಬುದು ಎಲ್ಲರಿಗೂ ಗೊತ್ತು. ವಾಕ್ಯವನ್ನು ನಿಷೇಧಕ್ಕೆ ತಿರುಗಿಸಿದರೆ ಅಡ್ವರ್ಬ್ ಇಲ್ಲದೆಯೂ ಅದು ನಿಲ್ಲುತ್ತದೆ, ಒಗೆಯಲಾಗದ ಬಟ್ಟೆಯೆಂಬುದೇ ಸುದ್ದಿಯಾಗುವುದರಿಂದ. ಕರ್ಮಣಿ ವಾಕ್ಯಗಳಲ್ಲಿಯೂ ಇಂತಹದೊಂದು ವಿಚಿತ್ರವನ್ನು ಜೇನ್ ಗ್ರಿಮ್‌ಷಾ ಮತ್ತು ಸ್ಟೆನ್ ವಿಕ್ನರ್ 1993ರಲ್ಲಿ ಚರ್ಚಿಸಿದರು. ‘ದಿಸ್ ಹೌಸ್ ವಾಸ್ ಬಿಲ್ಟ್’ ಎಂಬುದು ಅಪೂರ್ಣವಾಗಿ ಕೇಳಿಸಿ, ‘ಯೆಸ್ಟರ್‌ಡೇ’ ಎಂದೋ ‘ಬೈ ಎ ಫ್ರೆಂಚ್ ಆರ್ಕಿಟೆಕ್ಟ್’ ಎಂದೋ ಸೇರಿಸಿದೊಡನೆ ಸರಿಯಾಗುತ್ತದೆ. ಆದರೆ ಮನೆ ನೆಲಸಮವಾಯಿತು ಎಂಬರ್ಥದ ಕರ್ಮಣಿ ವಾಕ್ಯಕ್ಕೆ ಇಂತಹ ಆಸರೆ ಬೇಕಿಲ್ಲ. ಇದಕ್ಕೆ ಅವರು ಘಟನೆಯ ಒಳರಚನೆಯಲ್ಲಿ ಕಾರಣ ಹುಡುಕಿದರು. ಎದುರಿಗಿರುವ ಮನೆಯನ್ನು ಯಾರೋ ಎಂದೋ ಕಟ್ಟಿರಲೇಬೇಕಾದ್ದರಿಂದ ‘ಕಟ್ಟಲಾಗಿದೆ’ ಎಂಬುದರಲ್ಲಿ ಹೊಸ ಸುದ್ದಿಯಿಲ್ಲ ಎಂಬ ಸರಳ ವಿವರಣೆಯನ್ನು ಕೊಡುವವರೂ ಇದ್ದಾರೆ. ಎರಡನೆಯದೇ ನನಗೆ ಹೆಚ್ಚು ಒಪ್ಪಿತವಾಗುತ್ತದೆ, ಏಕೆಂದರೆ ಬಟ್ಟೆಯ ವಾಕ್ಯವನ್ನೂ ಅದು ಅದೇ ಮಾತಿನಲ್ಲಿ ವಿವರಿಸಬಲ್ಲದು.

ಇಷ್ಟೆಲ್ಲ ಇದ್ದರೂ ಕಲಿಯುವವರು ಇದನ್ನು ತಾವೇ ಊಹಿಸಿಕೊಂಡು ಒದ್ದಾಡಬೇಕಾಗಿಲ್ಲ. ನಿಘಂಟುಗಳು ಈ ಕೆಲಸವನ್ನು ಬಹಳ ಹಿಂದಿನಿಂದಲೇ ಮಾಡಿಕೊಂಡು ಬಂದಿವೆ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ.ಎಸ್. ಹಾರ್ನ್‌ಬಿ ಮತ್ತು ಅವರ ಸಂಗಡಿಗರು, ಇಂಗ್ಲಿಷ್ ಮನೆಮಾತಲ್ಲದವರಿಗೆ ಪದದ ಅರ್ಥವಷ್ಟೇ ಸಾಲದು, ಅದು ವಾಕ್ಯದಲ್ಲಿ ಯಾವ ಒಡನಾಡಿಗಳನ್ನು ಕೇಳುತ್ತದೆ ಎಂಬುದೂ ತಿಳಿಯಬೇಕು ಎಂದು ಕಂಡುಕೊಂಡು, ಕ್ರಿಯಾಪದಗಳಿಗೆ ಮಾದರಿಗಳ ಗುರುತು ಹಾಕಿದ ನಿಘಂಟನ್ನು 1942ರಲ್ಲಿ ಟೋಕಿಯೊದಲ್ಲಿ ಹೊರತಂದರು. 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಮರುಮುದ್ರಿಸಿತು. ಇಂದು ನಮ್ಮ ಕಾಲೇಜು ಗ್ರಂಥಾಲಯಗಳಲ್ಲಿ ಕಾಣುವ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ನಿಘಂಟು ಅದರ ಮುಂದುವರಿಕೆ. ಈಗಿನ ಆವೃತ್ತಿಗಳಲ್ಲಿ ಕ್ರಿಯಾಪದದ ಒಂದು ಅರ್ಥದ ಮುಂದೆ ಕೂಡಿಸುವ ಚಿಹ್ನೆಯೊಡನೆ ಅಡ್ವರ್ಬ್ ಮತ್ತು ಪ್ರಿಪೊಸಿಷನ್ ಎಂಬುದರ ಸಂಕ್ಷಿಪ್ತ ರೂಪಗಳನ್ನು ಮುದ್ರಿಸಿದ್ದರೆ, ಆ ಅರ್ಥದಲ್ಲಿ ಅಂತಹ ಪೂರಕ ಕಡ್ಡಾಯವೆಂದು ತಿಳಿಯಬೇಕು. ಅದೇ ಗುರುತು ಆವರಣದೊಳಗಿದ್ದರೆ ಪೂರಕ ಬರಬಹುದು, ಬರಲೇಬೇಕೆಂದಿಲ್ಲ. ಲಾಂಗ್‌ಮನ್ ನಿಘಂಟು ಇದೇ ಸೂಚನೆಗೆ ‘ಆಲ್ವೇಸ್’ ಎಂಬ ಪದವನ್ನೂ ಜೋಡಿಸುತ್ತದೆ. ಅರ್ಥವನ್ನು ಓದುವ ಆತುರದಲ್ಲಿ ಕಣ್ಣು ಈ ಸಣ್ಣ ಅಕ್ಷರಗಳನ್ನು ಹಾರಿಸಿಕೊಂಡು ಹೋಗುವುದು ಸಹಜ. ಲಿವ್, ಸ್ಟ್ಯಾಂಡ್, ಟ್ರೀಟ್, ರನ್ ಮುಂತಾದ ಪದಗಳ ಪುಟವನ್ನು ತೆರೆದು, ಯಾವ ಅರ್ಥಗಳಿಗೆ ಆ ಗುರುತು ಇದೆ, ಯಾವುದಕ್ಕೆ ಇಲ್ಲ ಎಂಬುದನ್ನು ಒಂದರ ಕೆಳಗೊಂದು ಹೋಲಿಸಿ ನೋಡಿದರೆ, ಮೇಲೆ ಚರ್ಚಿಸಿದ ಭೇದಗಳಲ್ಲಿ ಬಹುಪಾಲು ಅಲ್ಲಿಯೇ ಅಚ್ಚಾಗಿರುವುದು ಕಾಣುತ್ತದೆ.